ಶಾಲೆಯ ಮೊದಲ ದಿನಕ್ಕೆ ಮುನ್ನ: ನಾಲ್ಕು ವರ್ಷದ ಮಗಳಿಗೆ ಏನು ಕಲಿಸಬೇಕು?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿದ್ದೇವೆ. ನಾನೂ ನನ್ನ ಪತಿಯೂ ಕೆಲಸಕ್ಕೆ ಹೋಗುತ್ತೇವೆ. ಮಗಳನ್ನು ನಮ್ಮ ಅತ್ತೆಯವರು ನೋಡಿಕೊಳ್ಳುತ್ತಾರೆ. ಬರುವ ಜೂನ್‌ಗೆ ಅವಳಿಗೆ ನಾಲ್ಕು ವರ್ಷ ಎರಡು ತಿಂಗಳಾಗುತ್ತದೆ. ಮನೆಗೆ ಹತ್ತಿರದ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಎಲ್‌ಕೆಜಿಗೆ ಸೇರಿಸಿದ್ದೇವೆ. ಪ್ಲೇಹೋಮಿಗೆ ಕಳಿಸಿರಲಿಲ್ಲ. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಪೆನ್ಸಿಲ್ ಹಿಡಿದು ಅಕ್ಷರ ಬರೆಯುವುದಿಲ್ಲ, ಅಜ್ಜಿ ಮೊಬೈಲ್ ತೋರಿಸಿ ತುತ್ತಿಟ್ಟರೆ ಮಾತ್ರ ಊಟ, ಅಜ್ಜಿ ಕಣ್ಣಿಗೆ ಕಾಣದಿದ್ದರೆ ಅಳು. ಅವಳದೇ ವಯಸ್ಸಿನ ಪಕ್ಕದ ಮನೆಯ ಹುಡುಗ ಎ ಇಂದ ಝಡ್‌ವರೆಗೆ ಬರೆಯುತ್ತಾನೆ. ಇನ್ನು ಮೇಲೆ ಮನೆಯಲ್ಲಿ ಇಂಗ್ಲಿಷಿನಲ್ಲೇ ಮಾತನಾಡಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಉಳಿದಿರುವ ಎರಡು ತಿಂಗಳಲ್ಲಿ ಅವಳನ್ನು ಹೇಗೆ ಸಿದ್ಧಗೊಳಿಸಬೇಕು?

ಉತ್ತರ: ಎರಡು ತಿಂಗಳು ಧಾರಾಳವಾಗಿ ಸಾಕು. ಆದರೆ ನೀವು ಬರೆದಿರುವ ಚಿಂತೆಗಳ ಪಟ್ಟಿಯನ್ನು ತಿರುವುಮುರುವು ಮಾಡಿಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ. ಅಕ್ಷರ ಮತ್ತು ಇಂಗ್ಲಿಷ್ ಎಂಬ ಎರಡನ್ನು ಪಟ್ಟಿಯ ಕೊನೆಗೆ ತಳ್ಳಿ. ಅಜ್ಜಿಯನ್ನು ಬಿಟ್ಟಿರುವುದು, ಕೈಯಾರೆ ಉಣ್ಣುವುದು, ಶೌಚಕ್ಕೆ ಹೋಗಬೇಕೆಂದು ಪರಿಚಯವಿಲ್ಲದ ಹಿರಿಯರೊಬ್ಬರಿಗೆ ಬಾಯಿಬಿಟ್ಟು ಹೇಳುವುದು, ಇವು ಮೂರನ್ನು ಮೊದಲಿಗೆ ತನ್ನಿ. ಎಲ್‌ಕೆಜಿಯ ಮೊದಲ ವಾರಗಳಲ್ಲಿ ಸೋತು ಸೊರಗುವ ಮಕ್ಕಳನ್ನು ಗಮನಿಸಿದರೆ, ಅಕ್ಷರ ಬಾರದಿರುವುದು ಅದಕ್ಕೆ ಕಾರಣವಾಗಿರುವುದು ತೀರ ಅಪರೂಪ. ಬಾಯಾರಿದರೂ ನೀರಿನ ಬಾಟಲಿಯ ಮುಚ್ಚಳ ತೆರೆಯಲಾಗದೆ, ಚಡ್ಡಿ ಒದ್ದೆಯಾದರೂ ಯಾರಿಗೂ ಹೇಳಲಾಗದೆ, ಮನೆಯವರು ಮತ್ತೆ ಬರುತ್ತಾರೋ ಇಲ್ಲವೋ ಎಂಬ ಭಯದಲ್ಲಿ ಇಡೀ ಬೆಳಗನ್ನು ಕಳೆಯುವ ಮಗುವಿಗೆ ಯಾವ ಪಾಠವೂ ಕಿವಿಗೆ ಬೀಳುವುದಿಲ್ಲ.

ವಯಸ್ಸಿನ ವಿಚಾರದಲ್ಲಿ ನೀವು ಸರಿಯಾದ ನಿರ್ಧಾರವನ್ನೇ ತೆಗೆದುಕೊಂಡಿದ್ದೀರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 3ರಿಂದ 8ನೇ ವಯಸ್ಸಿನವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆರನೇ ವರ್ಷಕ್ಕೆ ಒಂದನೇ ತರಗತಿ ಎಂದು ಹೇಳುತ್ತದೆ. ಕರ್ನಾಟಕ ಸರ್ಕಾರವೂ 2022ರ ಜುಲೈನಲ್ಲಿ, ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಆದೇಶಿಸಿತು. ಪೋಷಕರ ಒತ್ತಾಯದ ಮೇರೆಗೆ 2025-26ನೇ ಸಾಲಿಗೆ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ನಾಲ್ಕು ತುಂಬಿ ಎಲ್‌ಕೆಜಿ, ಐದು ತುಂಬಿ ಯುಕೆಜಿ, ಆರು ತುಂಬಿ ಒಂದನೇ ತರಗತಿ: ನಿಮ್ಮ ಮಗಳು ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಾಳೆ. ಅಂದರೆ ಒಂದನೇ ತರಗತಿಗೆ ಇನ್ನೂ ಪೂರ್ತಿ ಎರಡು ವರ್ಷಗಳಿವೆ. ಈಗಲೇ ಬರೆಯಬೇಕೆಂಬ ಅವಸರಕ್ಕೆ ಯಾವ ಆಧಾರವೂ ಇಲ್ಲ.

ಪಕ್ಕದ ಮನೆಯ ಹುಡುಗನ ಬಗ್ಗೆ ಒಂದು ಮಾತು. ನಾಲ್ಕು ವರ್ಷದ ಕೆಲವು ಮಕ್ಕಳು ಅಕ್ಷರಗಳ ಆಕಾರವನ್ನು ಚಿತ್ರದಂತೆ ನೆನಪಿಟ್ಟು ಬರೆಯುತ್ತಾರೆ. ಅದು ಅವರ ಸಂತೋಷವಾಗಿದ್ದರೆ ಒಳ್ಳೆಯದೇ. ಆದರೆ ಆ ಅಕ್ಷರ ಯಾವ ಧ್ವನಿಗೆ ನಿಂತಿದೆ, ಆ ಧ್ವನಿ ತನ್ನ ಬಾಯಿಯ ಯಾವ ಮಾತಿನಲ್ಲಿದೆ ಎಂಬ ಅರಿವು ಬೇರೆಯದೇ ಆದ ಸಾಮರ್ಥ್ಯ. ಮುಂದೆ ಓದಿಗೆ ನೆರವಾಗುವುದು ಅದು. ‘ಮಲ್ಲಿಗೆ’ ಎಂಬ ಮಾತಿಗೆ ಮೂರು ಚಪ್ಪಾಳೆ ತಟ್ಟುವುದು, ‘ಕಾಗೆ’ಯಂತೆ ‘ಕಾ’ದಿಂದ ಶುರುವಾಗುವ ವಸ್ತುಗಳನ್ನು ಅಡುಗೆಮನೆಯಲ್ಲಿ ಹುಡುಕುವುದು, ಒಗಟು, ಪ್ರಾಸ, ಶಿಶುಗೀತೆ, ಇವೆಲ್ಲ ಆ ಸಾಮರ್ಥ್ಯವನ್ನು ಬೆಳೆಸುತ್ತವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ನಂತರ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಕನ್ನಡ ಅಕ್ಷರಗಳನ್ನು ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂಬ ಕ್ರಮದಲ್ಲಿ ಕಲಿಸುತ್ತಾರೆ. ಬರೆಯಲು ಸುಲಭವಾದ, ಆಕಾರದಲ್ಲಿ ಒಂದಕ್ಕೊಂದು ಹತ್ತಿರವಾದ, ಬೇಗನೆ ಸಣ್ಣ ಪದಗಳನ್ನು ಕಟ್ಟಿಕೊಡುವ ಅಕ್ಷರಗಳು ಮೊದಲು ಬರಲಿ ಎಂಬುದು ಅದರ ಹಿಂದಿನ ವಿವೇಕ. ಒಂದನೇ ತರಗತಿಯ ಮಕ್ಕಳ ಬೆರಳಿನ ಬಗ್ಗೆಯೇ ಇಷ್ಟು ಯೋಚಿಸಿರುವಾಗ, ನಾಲ್ಕರ ಮಗುವಿನ ಕೈಗೆ ನಾಲ್ಕು ಗೆರೆಯ ಪುಸ್ತಕ ಕೊಟ್ಟು ಪುಟ ತುಂಬಿಸಲು ಹೇಳುವುದು ನನಗೆ ಒಪ್ಪಿಗೆಯಿಲ್ಲದ ಸಂಗತಿ.

ಈ ವಯಸ್ಸಿನಲ್ಲಿ ಬೆರಳುಗಳಿಗೆ ಬೇಕಿರುವುದು ಬಲ ಮತ್ತು ಹಿಡಿತ. ಅವಕ್ಕೆ ನಿಮ್ಮ ಅತ್ತೆಯವರ ಅಡುಗೆಮನೆಯಲ್ಲೇ ಬೇಕಾದಷ್ಟು ಕೆಲಸವಿದೆ. ಅವರೆಕಾಯಿಯ ಕಾಲವಾಗಿದ್ದರೆ ಕಾಳು ಬಿಡಿಸಲು ಕೂರಿಸಿ ಎನ್ನುತ್ತಿದ್ದೆ. ಬೇಸಿಗೆಯಲ್ಲಿ ಬೆಳ್ಳುಳ್ಳಿ ಸುಲಿಯುವುದು, ಸೊಪ್ಪು ಬಿಡಿಸುವುದು, ಚಪಾತಿ ಹಿಟ್ಟಿನಿಂದ ಸಣ್ಣ ಉಂಡೆ ಮಾಡುವುದು, ಹೂವನ್ನು ದಾರಕ್ಕೆ ಪೋಣಿಸುವುದು, ಬಾಗಿಲ ಮುಂದೆ ರಂಗೋಲಿ ಪುಡಿಯಿಂದ ಚುಕ್ಕಿ ಇಡುವುದು, ಇವೆಲ್ಲ ಬೆರಳ ತುದಿಗೂ ಹೆಬ್ಬೆರಳಿಗೂ ಹೊಂದಾಣಿಕೆ ತರುತ್ತವೆ. ಚೌಕಾಬಾರ, ಅಳಗುಳಿಮಣೆ ಆಡಿಸಿದರೆ ಎಣಿಕೆಯ ಜೊತೆಗೆ ತನ್ನ ಸರದಿಗಾಗಿ ಕಾಯುವುದೂ ಬರುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಸರದಿ ಕಾಯಲು ಬರುವ ಮಗು ಅಂಕಿ ಬರೆಯುವ ಮಗುವಿಗಿಂತ ನೆಮ್ಮದಿಯಾಗಿರುತ್ತದೆ.

ಈಗ ಅಗಲಿಕೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಎರಡು ತಿಂಗಳ ಬಹುಪಾಲು ಇಲ್ಲಿ ವಿನಿಯೋಗವಾಗಬೇಕು. ಅಜ್ಜಿ ಕಾಣದಿದ್ದರೆ ಅಳುವುದು ದೋಷವಲ್ಲ. ಹುಟ್ಟಿದಾಗಿನಿಂದ ಒಬ್ಬರ ಮಡಿಲಲ್ಲಿ ಬೆಳೆದ ಮಗುವಿಗೆ ಆ ಒಬ್ಬರ ಮೇಲೆ ಗಾಢವಾದ ನಂಬಿಕೆ ಬೆಳೆದಿದೆ ಎಂಬುದರ ಗುರುತು. ‘ಹೋದವರು ಹಿಂತಿರುಗಿ ಬರುತ್ತಾರೆ’ ಎಂಬ ಅನುಭವ ಮತ್ತೆ ಮತ್ತೆ ಆದಾಗ ಆ ನಂಬಿಕೆ ಅವರು ಎದುರಿಗಿಲ್ಲದಾಗಲೂ ಉಳಿಯುತ್ತದೆ. ಹಾಗಾಗಿ ಈ ವಾರದಿಂದಲೇ ಸಣ್ಣ ಸಣ್ಣ ಅಗಲಿಕೆಗಳನ್ನು ಅಭ್ಯಾಸ ಮಾಡಿಸಿ. ಮೊದಲಿಗೆ ಅಜ್ಜಿ ಹಾಲು ತರಲು ಬೀದಿಯ ಕೊನೆಯ ಅಂಗಡಿಗೆ ಹೋಗಿ ಬರಲಿ, ಆ ಹತ್ತು ನಿಮಿಷ ಮಗಳು ನಿಮ್ಮ ಜೊತೆ ಇರಲಿ; ಅನಂತರ ಅವಳಿಗೆ ಪರಿಚಯವಿರುವ ನೆರೆಮನೆಯಲ್ಲಿ ಅರ್ಧ ಗಂಟೆ, ಚಿಕ್ಕಮ್ಮನ ಮನೆಯಲ್ಲಿ ಒಂದು ಬೆಳಗು, ಹತ್ತಿರದಲ್ಲಿ ಬೇಸಿಗೆ ಶಿಬಿರವೇನಾದರೂ ನಡೆಯುತ್ತಿದ್ದರೆ ಅಲ್ಲಿ ಎರಡು ಗಂಟೆ. ಅವಧಿಯನ್ನು ಹೆಚ್ಚಿಸುವ ಮೊದಲು ಹಿಂದಿನ ಹೆಜ್ಜೆ ಅವಳಿಗೆ ಸಲೀಸಾಗಿರಬೇಕು. ಮನೆಯೊಳಗೆ ಕಣ್ಣಾಮುಚ್ಚಾಲೆ ಆಡುವುದನ್ನೂ ನಾನು ಸಲಹೆ ಮಾಡುತ್ತೇನೆ, ಏಕೆಂದರೆ ಕಣ್ಮರೆಯಾದವರು ಮತ್ತೆ ಸಿಗುತ್ತಾರೆ ಎಂಬುದನ್ನು ಮಕ್ಕಳು ನಗುನಗುತ್ತಲೇ ಕಲಿಯುವುದು ಆ ಆಟದಲ್ಲಿ.

ಇದರಲ್ಲಿ ಮುರಿಯಬಾರದ ಒಂದು ನಿಯಮವಿದೆ: ಮಗುವಿನ ಕಣ್ಣು ತಪ್ಪಿಸಿ ಹೊರಡಬೇಡಿ. ಬೊಂಬೆ ಕೊಟ್ಟು ಗಮನ ಬೇರೆಡೆಗೆ ಸೆಳೆದು ಹಿಂಬಾಗಿಲಿನಿಂದ ಜಾರಿಕೊಳ್ಳುವುದು ನಮ್ಮ ಮನೆಗಳಲ್ಲಿ ಬಹಳ ರೂಢಿಯಲ್ಲಿದೆ. ಆ ಕ್ಷಣಕ್ಕೆ ಅಳು ತಪ್ಪಿದರೂ, ಯಾವ ಗಳಿಗೆಯಲ್ಲಾದರೂ ನನ್ನವರು ಮಾಯವಾಗಬಹುದು ಎಂಬ ಪಾಠವನ್ನು ಅದು ಕಲಿಸುತ್ತದೆ, ಮರುದಿನದಿಂದ ಮಗು ಸೆರಗನ್ನೇ ಬಿಡುವುದಿಲ್ಲ. ಹೇಳಿ ಹೊರಡಿ, ಚಿಕ್ಕದಾಗಿ ಹೇಳಿ, ಪ್ರತಿದಿನವೂ ಒಂದೇ ರೀತಿಯಲ್ಲಿ ಹೇಳಿ. ನಾಲ್ಕು ವರ್ಷದವಳಿಗೆ ‘ಹನ್ನೆರಡೂವರೆಗೆ ಬರುತ್ತೇನೆ’ ಎಂದರೆ ಅರ್ಥವಾಗದು; ‘ಡಬ್ಬಿ ತಿಂದು, ಆಟ ಆಡಿ, ಹಾಡು ಹೇಳಿದ ಮೇಲೆ ಅಜ್ಜಿ ಗೇಟಿನ ಹತ್ತಿರ ನಿಂತಿರುತ್ತಾರೆ’ ಎಂದರೆ ಅವಳು ಆ ಬೆಳಗನ್ನು ಅಳೆದುಕೊಳ್ಳಬಲ್ಲಳು. ಹಾಗೆ ಹೇಳಿದ ಮೇಲೆ ಅಜ್ಜಿ ಅಲ್ಲಿ ನಿಂತಿರಲೇಬೇಕು. ಮೊದಲ ಎರಡು ವಾರ ಐದು ನಿಮಿಷದ ತಡವೂ ಆಗದಂತೆ ನೋಡಿಕೊಳ್ಳಿ. ಜೂನ್ ತಿಂಗಳ ಮಳೆ, ಮಾಗಡಿ ರಸ್ತೆಯ ವಾಹನ ದಟ್ಟಣೆ ಇವೆರಡನ್ನೂ ಲೆಕ್ಕಕ್ಕೆ ಹಿಡಿದೇ ಮನೆಯಿಂದ ಹೊರಡಬೇಕು.

ಇಲ್ಲಿ ಅತ್ತೆಯವರ ಮನಸ್ಸನ್ನೂ ಗಮನಿಸಬೇಕೆಂದು ನಿಮ್ಮಲ್ಲಿ ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ನಾಲ್ಕು ವರ್ಷ ಹಗಲೆಲ್ಲ ಮಗುವಿನ ಜೊತೆ ಕಳೆದವರಿಗೆ ಜೂನ್ ತಿಂಗಳು ಖಾಲಿತನವನ್ನು ತರುತ್ತದೆ. ಗೇಟಿನ ಬಳಿ ಅವರ ಕಣ್ಣು ತುಂಬಿದರೆ ಮಗು ಅದನ್ನು ಕೂಡಲೇ ಗ್ರಹಿಸುತ್ತದೆ. ‘ನೀವು ಊಟ ಮಾಡಿಸಿ ಅಭ್ಯಾಸ ಕೆಡಿಸಿದಿರಿ’ ಎಂಬ ಮಾತು ಯಾವ ಕಾರಣಕ್ಕೂ ಬರಬಾರದು. ಈ ಇಡೀ ತಯಾರಿಯ ಮುಖ್ಯ ಗುರು ಅವರೇ ಎಂದು ತಿಳಿಸಿ, ಅವರ ಜೊತೆ ಕುಳಿತು ಯೋಜನೆ ಹಾಕಿಕೊಳ್ಳಿ. ಮೊದಲ ದಿನಗಳಲ್ಲಿ ಬಿಡಲು ಹೋಗುವವರು ಅಪ್ಪನೋ ನೀವೋ ಆಗಿ, ಕರೆದುಕೊಂಡು ಬರಲು ಅಜ್ಜಿ ಹೋಗುವುದು ನಿಮ್ಮ ಮನೆಗೆ ಹೆಚ್ಚು ಹೊಂದಬಹುದು. ಬಿಡುವ ಸಂಕಟ ಅವರ ಪಾಲಿಗೆ ಬರದೆ, ಮತ್ತೆ ಸಿಗುವ ಸಂತೋಷ ಮಾತ್ರ ಬರುತ್ತದೆ.

ಹೆದರಿಸುವ ಮಾತುಗಳನ್ನು ಮನೆಯವರೆಲ್ಲರೂ ಇಂದಿನಿಂದಲೇ ನಿಲ್ಲಿಸಬೇಕು. ‘ಹಟ ಮಾಡಿದ್ರೆ ಸ್ಕೂಲಿಗೆ ಹಾಕ್ತೀನಿ ನೋಡು’, ‘ಮಿಸ್ ಹತ್ರ ಹೇಳ್ತೀನಿ’ ಎಂಬುವು ತಮಾಷೆಗೆ ಆಡಿದ ಮಾತುಗಳಾದರೂ, ಶಾಲೆಯನ್ನು ಶಿಕ್ಷೆಯ ಜಾಗವೆಂದೂ ಶಿಕ್ಷಕಿಯನ್ನು ಹೆದರಬೇಕಾದವರೆಂದೂ ಮೊದಲೇ ಪರಿಚಯಿಸಿಬಿಡುತ್ತವೆ. ಅತಿಯಾಗಿ ಹೊಗಳುವುದೂ ಬೇಡ. ‘ಅಲ್ಲಿ ತುಂಬಾ ಮಜಾ ಇರುತ್ತೆ’ ಎಂದು ನಂಬಿಸಿದ ಮೇಲೆ ಮಗು ಅಲ್ಲಿ ಹೋಗಿ ಅತ್ತರೆ, ತನ್ನಲ್ಲೇ ಏನೋ ತಪ್ಪಿದೆ ಎಂದುಕೊಳ್ಳುತ್ತದೆ. ಅಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಇದ್ದಂತೆ ಹೇಳಿ. ಮೇ ತಿಂಗಳಲ್ಲಿ ಸಂಜೆ ಶಾಲೆಯ ದಾರಿಯಲ್ಲಿ ನಡೆದು ಹೋಗಿ ಗೇಟು, ಆಟದ ಜಾಗ, ಸಾಧ್ಯವಾದರೆ ತರಗತಿ ಮತ್ತು ಶೌಚಾಲಯ ತೋರಿಸಿ ಬನ್ನಿ.

ಭಾಷೆಯ ವಿಚಾರದಲ್ಲಿ ಪರಿಚಿತರ ಸಲಹೆಯನ್ನು ಪಾಲಿಸಬೇಡಿ. ನಾಲ್ಕು ವರ್ಷದ ಮಗು ತನ್ನ ಭಯ, ನೋವು, ಹಸಿವು, ಕುತೂಹಲ ಎಲ್ಲವನ್ನೂ ಮನೆಯ ಭಾಷೆಯಲ್ಲೇ ಕಟ್ಟಿಕೊಂಡಿರುತ್ತದೆ. ಅದನ್ನು ಶಾಲೆಗೆ ಹೋಗುವ ಹೊಸ್ತಿಲಲ್ಲಿ ಕಸಿದುಕೊಂಡು, ನಿಮಗೂ ಸಹಜವಲ್ಲದ ತುಂಡು ತುಂಡು ಇಂಗ್ಲಿಷಿನಲ್ಲಿ ಮಾತನಾಡಿಸಿದರೆ, ಹೊಸ ಭಾಷೆಯೂ ಸರಿಯಾಗಿ ಬರುವುದಿಲ್ಲ, ಶಾಲೆಯಲ್ಲಿ ಏನಾಯಿತು ಎಂದು ಸಂಜೆ ಹೇಳಿಕೊಳ್ಳಲು ಇರುವ ಮಾತೂ ಬಡವಾಗುತ್ತದೆ. ಕತೆ ಹೇಳುವುದು, ಕಾರಣ ಕೊಡುವುದು, ಮೊದಲು ಏನಾಯಿತು ಆಮೇಲೆ ಏನಾಯಿತು ಎಂದು ಜೋಡಿಸುವುದು, ಇವೆಲ್ಲ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಎರಡನೆಯ ಭಾಷೆಗೆ ತಾನಾಗಿಯೇ ಒದಗಿ ಬರುತ್ತವೆ. 2022ರಲ್ಲಿ ಪ್ರಕಟವಾದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಈ ವಯಸ್ಸಿನ ಕಲಿಕೆಗೆ ಮನೆಮಾತಿಗೇ ಆದ್ಯತೆ ಕೊಟ್ಟಿರುವುದು ಇದೇ ಕಾರಣಕ್ಕೆ. ಅತ್ತೆಯವರು ರಾತ್ರಿ ಹೇಳುವ ಕತೆಗಳನ್ನು ನಿಲ್ಲಿಸದೆ ಮುಂದುವರಿಸಲಿ. ಈಗ ಕತೆಯ ಅರ್ಧವನ್ನು ಮಗಳೇ ಹೇಳಲಿ.

ಆದರೆ ಶಾಲೆಯ ಶಿಕ್ಷಕಿಗೆ ಕನ್ನಡ ಬಾರದಿರುವ ಸಾಧ್ಯತೆ ಬೆಂಗಳೂರಿನಲ್ಲಿ ನಿಜವಾಗಿಯೂ ಇದೆ. ಅದಕ್ಕೆ ಪರಿಹಾರ ಸರಳ. ಶೌಚಕ್ಕೆ, ನೀರಿಗೆ, ನೋವಾದಾಗ, ಸಹಾಯ ಬೇಕಾದಾಗ ಬಳಸುವ ನಾಲ್ಕೈದು ಮಾತುಗಳನ್ನು, ‘ಮಿಸ್, ಟಾಯ್ಲೆಟ್’, ‘ವಾಟರ್ ಪ್ಲೀಸ್’, ‘ಹೆಲ್ಪ್ ಮಿ’ ಎಂಬಷ್ಟನ್ನು, ಬೊಂಬೆಗಳನ್ನಿಟ್ಟು ಶಾಲೆಯಾಟ ಆಡುತ್ತ ರೂಢಿ ಮಾಡಿಸಿ. ತರಗತಿಯ ಆಯಾ ಯಾರು, ಅವರಿಗೆ ಕನ್ನಡ ಬರುತ್ತದೆಯೇ ಎಂದು ವಿಚಾರಿಸಿಕೊಳ್ಳಿ. ಬಹಳ ಮಕ್ಕಳ ಮೊದಲ ಆಸರೆ ಅವರೇ ಆಗಿರುತ್ತಾರೆ, ಮಗಳಿಗೆ ಅವರನ್ನು ಮೊದಲ ದಿನವೇ ಪರಿಚಯಿಸಿ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ತರಗತಿಯಲ್ಲಿ ಮೌನವಾಗಿದ್ದು ಬರೀ ಕೇಳಿಸಿಕೊಳ್ಳುತ್ತಾರೆ. ಮನೆಯಲ್ಲಿ ಎಂದಿನಂತೆ ಮಾತನಾಡುತ್ತಿದ್ದು, ಶಾಲೆಯಲ್ಲಿ ಹೇಳಿದ್ದನ್ನು ಅರ್ಥ ಮಾಡಿಕೊಂಡು ಅನುಸರಿಸುತ್ತಿದ್ದರೆ ಈ ಮೌನದ ಬಗ್ಗೆ ಗಾಬರಿ ಬೇಡ.

ಭಾಷೆಗೆ ಸಂಬಂಧಿಸಿದ ಇನ್ನೊಂದು ಸಣ್ಣ ಸಂಗತಿಯನ್ನು ಬಹಳ ಪೋಷಕರು ಮರೆಯುತ್ತಾರೆ. ಮನೆಯಲ್ಲಿ ‘ಪುಟ್ಟಿ’, ‘ಚಿನ್ನು’ ಎಂದೇ ಕರೆಸಿಕೊಂಡು ಬೆಳೆದ ಮಗು ಹಾಜರಾತಿಯಲ್ಲಿ ತನ್ನ ಪೂರ್ತಿ ಹೆಸರು ಕೂಗಿದಾಗ ಓಗೊಡುವುದೇ ಇಲ್ಲ, ಶಿಕ್ಷಕಿಯರು ಅದನ್ನು ಸಂಕೋಚವೆಂದೋ ಕಿವಿಯ ತೊಂದರೆಯೆಂದೋ ಭಾವಿಸುವುದುಂಟು. ದಿನಕ್ಕೆ ಕೆಲವು ಬಾರಿ ಶಾಲೆಯ ಹೆಸರಿನಿಂದಲೇ ಕರೆಯಿರಿ. ತನ್ನ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು, ಬಡಾವಣೆಯ ಹೆಸರು, ಸಾಧ್ಯವಾದರೆ ಒಂದು ಫೋನ್ ಸಂಖ್ಯೆ ಇವು ಅವಳ ಬಾಯಲ್ಲಿರಲಿ.

ಊಟದ ಅಭ್ಯಾಸಕ್ಕೆ ಎರಡು ತಿಂಗಳಲ್ಲಿ ನಿಧಾನವಾದ ಬದಲಾವಣೆ ಸಾಕು. ಮೊದಲು ಮೊಬೈಲನ್ನು ಬಿಡಿಸಿ, ಆಮೇಲೆ ತುತ್ತನ್ನು. ಪರದೆ ನೋಡುತ್ತ ಬಾಯಿ ತೆರೆಯುವ ಮಗುವಿಗೆ ತನ್ನ ಹಸಿವೂ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಅಂಥ ಮಗು ತರಗತಿಯಲ್ಲಿ ಡಬ್ಬಿಯನ್ನು ತೆರೆಯದೆ ಹಾಗೆಯೇ ವಾಪಸು ತರುತ್ತದೆ. ಮನೆಯವರೆಲ್ಲ ಒಟ್ಟಿಗೆ ಕುಳಿತಾಗ ಅವಳಿಗೂ ತಟ್ಟೆ ಹಾಕಿ, ಚೆಲ್ಲಿದರೆ ಚೆಲ್ಲಲಿ, ಮೊದಲ ಐದು ತುತ್ತು ಅವಳದು, ಉಳಿದದ್ದು ಅಜ್ಜಿಯದು ಎಂದು ಆರಂಭಿಸಿ ವಾರ ವಾರಕ್ಕೆ ಅವಳ ಪಾಲನ್ನು ಹೆಚ್ಚಿಸಿ. ಮೇ ತಿಂಗಳಲ್ಲಿ ಶಾಲೆಯ ಡಬ್ಬಿಯಲ್ಲೇ, ಶಾಲೆಯ ಸಮಯಕ್ಕೇ, ಇಪ್ಪತ್ತು ನಿಮಿಷದೊಳಗೆ ತಿಂದು ಮುಗಿಸುವ ಅಭ್ಯಾಸ ಮಾಡಿಸಿ. ಇಡ್ಲಿ ತುಂಡು, ಚಪಾತಿ ಸುರುಳಿ, ಪುಟ್ಟ ದೋಸೆ, ಬಾಳೆಹಣ್ಣಿನಂಥ ಕೈಗೆ ಅಂಟದ ತಿಂಡಿಗಳು ಮೊದಲಿಗೆ ಒಳ್ಳೆಯವು. ಡಬ್ಬಿಯನ್ನೂ ಬಾಟಲಿಯನ್ನೂ ಕೊಳ್ಳುವಾಗ ಅಂಗಡಿಯಲ್ಲೇ ಅವಳ ಕೈಗೆ ಕೊಟ್ಟು ತೆರೆಸಿ ಮುಚ್ಚಿಸಿ ನೋಡಿ. ಅವಳಿಗೆ ಆಗದಿದ್ದರೆ ಅದು ಎಷ್ಟೇ ಚೆಂದವಿದ್ದರೂ ಬೇಡ.

ಶೌಚಾಲಯದ ವಿಷಯವನ್ನು ಸಂಕೋಚವಿಲ್ಲದೆ ಮಾತನಾಡಬೇಕು. ನಿಮ್ಮ ಮನೆಯಲ್ಲಿ ಕಮೋಡ್ ಇದ್ದು ಶಾಲೆಯಲ್ಲಿ ಭಾರತೀಯ ಮಾದರಿಯದ್ದಿದ್ದರೆ, ಅಥವಾ ಇದಕ್ಕೆ ವಿರುದ್ಧವಾಗಿದ್ದರೆ, ಮಗು ಅಲ್ಲಿಗೆ ಹೋಗಲು ಹೆದರಿ ಮಧ್ಯಾಹ್ನದವರೆಗೂ ಮೂತ್ರ ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ನೀರು ಕುಡಿಯುವುದನ್ನೇ ಬಿಡುತ್ತದೆ. ಹೆಣ್ಣುಮಕ್ಕಳಲ್ಲಿ ಇದರಿಂದ ಮೂತ್ರದ ಸೋಂಕು ಬರುವುದು ಸಾಮಾನ್ಯ. ಯಾವ ಮಾದರಿ ಇದೆ ಎಂದು ನೋಡಿಕೊಂಡು ಬಂದು ಅದನ್ನೇ ಅಭ್ಯಾಸ ಮಾಡಿಸಿ. ಒಳಉಡುಪು ಎಳೆದುಕೊಳ್ಳುವುದು, ತೊಳೆದುಕೊಳ್ಳುವುದು, ಕೈಗೆ ಸೋಪು ಹಚ್ಚುವುದು ಅವಳಿಗೇ ಬರಲಿ. ಗುಂಡಿಗಿಂತ ಎಲಾಸ್ಟಿಕ್, ಲೇಸಿಗಿಂತ ವೆಲ್‌ಕ್ರೋ ಸುಲಭ. ಚೀಲದಲ್ಲಿ ಒಂದು ಜೊತೆ ಬಟ್ಟೆ ಇಟ್ಟು, ‘ಒದ್ದೆಯಾದರೆ ಆಯಾಗೆ ಹೇಳು, ಯಾರೂ ಬೈಯುವುದಿಲ್ಲ’ ಎಂದು ಮೊದಲೇ ತಿಳಿಸಿ. ದೇಹದ ಯಾವ ಭಾಗವನ್ನು ಬೇರೆಯವರು ಮುಟ್ಟಬಾರದು, ಸ್ವಚ್ಛಗೊಳಿಸಲು ಯಾರು ಸಹಾಯ ಮಾಡಬಹುದು, ಇಷ್ಟವಾಗದ್ದು ನಡೆದರೆ ಮನೆಯಲ್ಲಿ ಯಾರಿಗೆ ಹೇಳಬೇಕು ಎಂಬುದನ್ನು ಇದೇ ಸಂದರ್ಭದಲ್ಲಿ, ಹೆದರಿಸದೆ, ಹೇಳಿಕೊಡಿ.

ನಿದ್ರೆಯ ವಿಚಾರ ಬೆಂಗಳೂರಿನ ದುಡಿಯುವ ಪೋಷಕರಿಗೆ ಕಷ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ 3-4 ವರ್ಷದ ಮಕ್ಕಳಿಗೆ ಹಗಲಿನ ನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ರೆ ಬೇಕು, ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು. ನೀವು ಕಚೇರಿಯಿಂದ ಮನೆ ಸೇರುವ ಹೊತ್ತಿಗೆ ಎಂಟಾಗಿ, ನಿಮ್ಮನ್ನು ಕಾಣಲೆಂದೇ ಮಗಳು ಹತ್ತೂವರೆವರೆಗೆ ಎಚ್ಚರವಾಗಿರುತ್ತಿದ್ದರೆ, ಅದನ್ನು ಮೇ ತಿಂಗಳಲ್ಲಿ ಕೆಲವು ದಿನಕ್ಕೊಮ್ಮೆ ಕಾಲು ಗಂಟೆಯಂತೆ ಹಿಂದಕ್ಕೆ ತಂದು ಒಂಬತ್ತರೊಳಗೆ ಮಲಗುವಂತೆ ಮಾಡಬೇಕು. ಕೈತಪ್ಪುವ ಸಂಜೆಯ ಬದಲಿಗೆ ಬೆಳಗಿನ ಅರ್ಧ ಗಂಟೆಯನ್ನು ಅವಳಿಗೆಂದೇ ಮೀಸಲಿಡಿ.

ಶಾಲೆಯವರೊಡನೆ ಮಾತನಾಡುವಾಗ ಮೊದಲ ವಾರ ಅವಧಿ ಕಡಿಮೆ ಇರುತ್ತದೆಯೇ, ಅಳುವ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. 2020ರ ಶಾಲಾ ಚೀಲ ನೀತಿಯ ಪ್ರಕಾರ ಪೂರ್ವ ಪ್ರಾಥಮಿಕ ಮಕ್ಕಳಿಗೆ ಪುಸ್ತಕದ ಚೀಲವೇ ಇರಬಾರದು, ಎರಡನೇ ತರಗತಿಯವರೆಗೆ ಹೋಂವರ್ಕ್ ಇರಬಾರದು; ಅದನ್ನು ಪ್ರಸ್ತಾಪಿಸಲು ಹಿಂಜರಿಯಬೇಡಿ. ವ್ಯಾನಿನಲ್ಲಿ ಕಳಿಸುವುದಾದರೆ ಅದರಲ್ಲಿ ಮಹಿಳಾ ಸಹಾಯಕಿ ಇದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ, ಮೊದಲ ತಿಂಗಳು ನೀವೇ ಬಿಟ್ಟು ಬರುವುದು ಇನ್ನೂ ಉತ್ತಮ.

ಇಷ್ಟೆಲ್ಲ ಮಾಡಿದ ಮೇಲೂ ಅವಳು ಅಳಬಹುದು. ಕೆಲವು ಮಕ್ಕಳು ಮೊದಲ ವಾರ ಹೊಸತನದ ಹುಮ್ಮಸ್ಸಿನಲ್ಲಿ ಹೋಗಿ, ಇದು ದಿನಾ ಇರುವಂಥದ್ದು ಎಂದು ಅರಿವಾದ ಎರಡನೆಯ ವಾರದಲ್ಲಿ ಅಳಲು ಆರಂಭಿಸುತ್ತಾರೆ. ಸೋಮವಾರಗಳಲ್ಲಿ, ಹಬ್ಬದ ರಜೆಯ ಮರುದಿನ ಅಳು ಮರಳುತ್ತದೆ. ಶಾಲೆಯಲ್ಲಿ ಸುಮ್ಮನಿದ್ದು ಮನೆಗೆ ಬಂದ ಕೂಡಲೇ ಸಣ್ಣ ಕಾರಣಕ್ಕೆ ರಚ್ಚೆ ಹಿಡಿಯುವುದು, ಬಿಟ್ಟಿದ್ದ ಬೆರಳು ಚೀಪುವುದು, ರಾತ್ರಿ ಹಾಸಿಗೆ ಒದ್ದೆ ಮಾಡುವುದು ಕೆಲವು ವಾರಗಳ ಮಟ್ಟಿಗೆ ಸಹಜ. ಬಂದ ತಕ್ಷಣ ‘ಇವತ್ತು ಏನು ಕಲಿಸಿದರು?’ ಎಂದು ಪ್ರಶ್ನಿಸದೆ, ತಿನ್ನಲು ಏನಾದರೂ ಕೊಟ್ಟು ಪಕ್ಕದಲ್ಲಿ ಕೂತರೆ ಮಾತು ತಾನಾಗಿ ಹೊರಬರುತ್ತದೆ. ಗೇಟಿನ ಬಳಿ ಅತ್ತಾಗ ಮನೆಗೆ ವಾಪಸು ಕರೆತರಬೇಡಿ, ಚಾಕೊಲೇಟಿನ ಆಮಿಷವೂ ಬೇಡ. ‘ನಿನಗೆ ಬೇಜಾರಾಗಿದೆ, ನನಗೆ ಗೊತ್ತು, ಡಬ್ಬಿ ತಿಂದು ಆಡಿದ ಮೇಲೆ ಅಜ್ಜಿ ಬರುತ್ತಾರೆ’ ಎಂದು ಅದೇ ಮಾತನ್ನು ಹೇಳಿ, ಮಿಸ್ ಕೈಗೆ ಒಪ್ಪಿಸಿ ಹೊರಡಿ. ಬಹಳಷ್ಟು ಮಕ್ಕಳು ನೀವು ಬೀದಿ ದಾಟುವ ಮೊದಲೇ ಸಮಾಧಾನಗೊಂಡಿರುತ್ತಾರೆ. ಹಾಗಾಯಿತೇ ಎಂದು ಶಿಕ್ಷಕಿಯನ್ನು ಸಂಜೆ ಕೇಳಿ ತಿಳಿದುಕೊಳ್ಳಿ.

ಆದರೆ ಆರೇಳು ವಾರ ಕಳೆದರೂ ಅಳು ಕಡಿಮೆಯಾಗದೆ, ಪ್ರತಿದಿನ ಹೊಟ್ಟೆನೋವು, ವಾಂತಿ, ನಿದ್ರೆಯಲ್ಲಿ ಬೆಚ್ಚುವುದು ಮುಂದುವರಿದರೆ, ಅಥವಾ ಒಬ್ಬರ ಹೆಸರು ಹೇಳಿದೊಡನೆ ಬೆದರಿದರೆ, ಶಾಲೆಯಲ್ಲಿ ಏನು ನಡೆಯುತ್ತಿದೆ ಎಂದು ನೇರವಾಗಿ ವಿಚಾರಿಸಬೇಕು. ಹೊಡೆಯುವುದು ಮತ್ತು ಮಾನಸಿಕ ಹಿಂಸೆ ಕೊಡುವುದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098. ಕನ್ನಡದಲ್ಲೂ ಅವಳು ಮೂರು ನಾಲ್ಕು ಪದದ ವಾಕ್ಯ ಕಟ್ಟುತ್ತಿಲ್ಲ, ಹೊರಗಿನವರಿಗೆ ಅವಳ ಮಾತು ತಿಳಿಯುವುದಿಲ್ಲ, ಕರೆದರೆ ತಿರುಗುವುದಿಲ್ಲ, ಬೇರೆ ಮಕ್ಕಳ ಆಟದತ್ತ ನೋಡುವುದೇ ಇಲ್ಲ ಎಂದಾದರೆ ಶಾಲೆ ಆರಂಭವಾಗುವವರೆಗೂ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಮಾತು ಮತ್ತು ಶ್ರವಣಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆಲ್ಲ ನಿಮ್ಮ ಕೈಗೆಟುಕುವಂತಿವೆ. ಅಂಥ ಲಕ್ಷಣ ಇರದಿದ್ದರೂ ಮೇ ತಿಂಗಳಲ್ಲಿ ಒಮ್ಮೆ ಕಣ್ಣು, ಕಿವಿ, ಹಲ್ಲು ತೋರಿಸಿ, ಲಸಿಕೆಯ ಕಾರ್ಡನ್ನೂ ಜೊತೆಗೆ ಒಯ್ಯಿರಿ; 5-6 ವರ್ಷಕ್ಕೆ ಕೊಡುವ ಡಿಪಿಟಿ ಎರಡನೇ ಬೂಸ್ಟರ್ ಯಾವಾಗ ಹಾಕಿಸಬೇಕೆಂದು ವೈದ್ಯರಲ್ಲಿ ಕೇಳಿ ದಿನಾಂಕ ಬರೆಸಿಕೊಳ್ಳಿ.